‘ಕೊಟ್ಟ ಮೇಲೆ’ ಮತ್ತು ‘ಕೊಟ್ಟದ್ದರಿಂದ’: ಆಟಿಸಂ ಚಿಕಿತ್ಸೆಯ ಒಂದು ವರದಿಯ ಮರುಓದು

ಆಟಿಸಂ ಕುರಿತ ಸಂಶೋಧನೆಯನ್ನು ವಿಮರ್ಶಿಸಲು ಹೊರಟವರು ಸಾಮಾನ್ಯವಾಗಿ ಲಸಿಕೆಯ ವಿವಾದದಿಂದ ಆರಂಭಿಸುತ್ತಾರೆ. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡ ಕಥೆ ನಿಮಗೆ ಗೊತ್ತಿದ್ದೀತು. ಅಲ್ಲಿ ಮೋಸವಿತ್ತು. ಮೋಸವನ್ನು ಖಂಡಿಸುವುದು ಸುಲಭ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದ ವರದಿಯೂ ಸಾವಿರಾರು ಜನರನ್ನು ಹೇಗೆ ದಾರಿ ತಪ್ಪಿಸಬಲ್ಲದು ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ಅದೇ 1998ರಲ್ಲಿ ಪ್ರಕಟವಾದ ಇನ್ನೊಂದು ಚಿಕ್ಕ ವರದಿಯನ್ನು ಈ ದೃಷ್ಟಿಯಿಂದ ಮತ್ತೆ ಓದುವುದು ಈ ಲೇಖನದ ಉದ್ದೇಶ.

ವರದಿ ಬರೆದವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಜೀರ್ಣಾಂಗಗಳ ತಜ್ಞರಾಗಿದ್ದ ಕರೋಲಿ ಹೋರ್ವಾತ್ ಮತ್ತು ಸಂಗಡಿಗರು. ಆಟಿಸಂ ಲಕ್ಷಣಗಳಿದ್ದ ಮೂವರು ಮಕ್ಕಳು ಹೊಟ್ಟೆಯ ತೊಂದರೆಗಾಗಿ ಅವರಲ್ಲಿಗೆ ಬಂದಿದ್ದರು. ಎಂಡೋಸ್ಕೋಪಿ ಮಾಡುವಾಗ ಮೇದೋಜೀರಕ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರಕ್ತನಾಳದ ಮೂಲಕ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಕೊಡುವುದುಂಟು. ಈ ಮಕ್ಕಳಿಗೂ ಕೊಟ್ಟರು. ಮುಂದಿನ ಐದು ವಾರಗಳೊಳಗೆ ಹೊಟ್ಟೆಯ ತೊಂದರೆ ಕಡಿಮೆಯಾಯಿತು. ಅದರ ಜೊತೆಗೆ ಮಕ್ಕಳು ಮುಖ ನೋಡಲಾರಂಭಿಸಿದರು, ಹೆಚ್ಚು ಚುರುಕಾದರು, ಮಾತೂ ಹೆಚ್ಚಿತು ಎಂದು ವರದಿ ಹೇಳುತ್ತದೆ.

ಸೆಕ್ರೆಟಿನ್ ಸಾಮಾನ್ಯ ವಸ್ತುವಲ್ಲ. ‘ಹಾರ್ಮೋನು’ ಎಂಬ ಪದ ಹುಟ್ಟಿದ್ದೇ ಇದರ ಹಿಂದೆ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಯ್ಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಶರೀರಕ್ರಿಯಾ ವಿಜ್ಞಾನಿಗಳು ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಕ್ಕೆ ಆಮ್ಲ ಹಾಕಿದರು. ನರಗಳ ಸಂಪರ್ಕವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಹಾಗಾದರೆ ಸಂದೇಶ ಹೋದದ್ದು ರಕ್ತದ ಮೂಲಕವೇ ಇರಬೇಕು. ಕರುಳಿನ ಒಳಪದರವನ್ನು ಕೆರೆದು, ಅರೆದು, ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಅದೇ ಫಲ ಸಿಕ್ಕಿತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ರಾಸಾಯನಿಕ ದೂತರಿಗೆಲ್ಲ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. ನರ ಕತ್ತರಿಸಿದ ಆ ಹೆಜ್ಜೆಯನ್ನು ನೆನಪಿನಲ್ಲಿಡಿ. ಬೇರೆ ಯಾವ ದಾರಿಯಿಂದ ಈ ಫಲ ಬಂದಿರಬಹುದು ಎಂದು ಕೇಳಿ, ಆ ದಾರಿಯನ್ನು ಮುಚ್ಚಿ ನೋಡಿದ್ದರಿಂದಲೇ ಪ್ರಯೋಗಕ್ಕೆ ಬೆಲೆ ಬಂತು. 1998ರ ವರದಿಯಲ್ಲಿ ಇಂಥ ಯಾವ ದಾರಿಯನ್ನೂ ಮುಚ್ಚಿರಲಿಲ್ಲ.

ವರದಿಯ ಶೀರ್ಷಿಕೆಯ ಅರ್ಥ, ಸೆಕ್ರೆಟಿನ್ ಕೊಟ್ಟ ‘ಮೇಲೆ’ ಸಾಮಾಜಿಕ ಹಾಗೂ ಭಾಷಾ ಕೌಶಲಗಳು ಉತ್ತಮಗೊಂಡವು ಎಂದು. ಪದಶಃ ನೋಡಿದರೆ ತಪ್ಪೇನಿಲ್ಲ. ಕನ್ನಡದಲ್ಲಿ ‘ಕೊಟ್ಟ ಮೇಲೆ’ ಎಂಬುದಕ್ಕೂ ‘ಕೊಟ್ಟದ್ದರಿಂದ’ ಎಂಬುದಕ್ಕೂ ಸ್ಪಷ್ಟವಾದ ವ್ಯತ್ಯಾಸವಿದೆ. ಒಂದು ಕಾಲವನ್ನು ಹೇಳುತ್ತದೆ, ಇನ್ನೊಂದು ಕಾರಣವನ್ನು. ಕಾಗೆ ಕೂತ ಮೇಲೆ ಕೊಂಬೆ ಮುರಿಯಿತು ಎನ್ನುವವನನ್ನು ನಾವು ಯಾಕೆ ನಗುತ್ತೇವೆ? ಅವನ ಮಾತು ಸುಳ್ಳಲ್ಲ. ಕೇಳುವವನು ‘ಮೇಲೆ’ಯನ್ನು ‘ಇಂದ’ ಎಂದೇ ಕೇಳಿಸಿಕೊಳ್ಳುತ್ತಾನೆ ಎಂಬುದು ಅವನಿಗೂ ಗೊತ್ತಿರುತ್ತದೆ. ನಮ್ಮ ಹಿರಿಯರು ಇದನ್ನು ಕಾಕತಾಳೀಯ ನ್ಯಾಯ ಎಂದು ಕರೆದು ತರ್ಕದ ಪಾಠವನ್ನಾಗಿಯೇ ಇಟ್ಟಿದ್ದರು.

ಇಂಥ ವರದಿಗಳನ್ನು ಪ್ರಕಟಿಸಲೇಬಾರದೆಂದು ನಾನು ಹೇಳುತ್ತಿಲ್ಲ. ವೈದ್ಯರು ಅನಿರೀಕ್ಷಿತವಾದುದನ್ನು ಕಂಡಾಗ ಬರೆಯಬೇಕು. ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರಗಳನ್ನು ಬರೆದದ್ದರಿಂದಲೇ ಆಟಿಸಂ ಎಂಬ ಸ್ಥಿತಿ ವೈದ್ಯರ ಗಮನಕ್ಕೆ ಬಂದದ್ದು. ಆದರೆ ಕ್ಯಾನರ್ ಹೇಳಿದ್ದು ‘ಹೀಗಿರುವ ಮಕ್ಕಳಿದ್ದಾರೆ’ ಎಂದು. ಇದಕ್ಕೆ ಹನ್ನೊಂದು ಮಕ್ಕಳು ಸಾಕು. ‘ಇದರಿಂದ ಇವರು ಸುಧಾರಿಸುತ್ತಾರೆ’ ಎನ್ನುವುದಕ್ಕೆ ಮೂವರೂ ಸಾಲದು, ಮುನ್ನೂರೂ ಸಾಲದು. ಅಲ್ಲಿ ಬೇಕಾಗುವುದು ಸೆಕ್ರೆಟಿನ್ ಸಿಗದೆ ಉಳಿದೆಲ್ಲವೂ ಸಿಕ್ಕಿದ ಮಕ್ಕಳು.

ಅವರನ್ನು ಹುಡುಕುವ ಮೊದಲೇ ಸುದ್ದಿ ಹೊರಟಿತು. 1998ರ ಅಕ್ಟೋಬರಿನಲ್ಲಿ ಅಮೆರಿಕದ ಒಂದು ದೊಡ್ಡ ಟೆಲಿವಿಷನ್ ವಾಹಿನಿ ಸೆಕ್ರೆಟಿನ್ ಪಡೆದ ಬಾಲಕನ ಕಥೆಯನ್ನು ಪ್ರಸಾರ ಮಾಡಿತು. ತಂದೆತಾಯಿಗಳು ವೈದ್ಯರ ಬಾಗಿಲಿಗೆ ಮುಗಿಬಿದ್ದರು. ಮೇದೋಜೀರಕದ ಪರೀಕ್ಷೆಗೆಂದು ಒಂದೇ ಸಲ ಕೊಡಲು ಅನುಮತಿ ಇದ್ದ, ಹಂದಿಯ ಕರುಳಿನಿಂದ ತೆಗೆದ ಔಷಧಿಯನ್ನು ಸಾವಿರಾರು ಮಕ್ಕಳಿಗೆ ಚುಚ್ಚಲಾಯಿತು. ದಾಸ್ತಾನು ಮುಗಿಯಿತು, ಬೆಲೆ ಏರಿತು. ಇಷ್ಟೆಲ್ಲ ಆದದ್ದು ಒಂದೇ ಒಂದು ತುಲನಾತ್ಮಕ ಪ್ರಯೋಗವೂ ಪ್ರಕಟವಾಗುವ ಮುನ್ನ.

ಉಪ್ಪುನೀರಿನ ಉತ್ತರ

ಮೊದಲ ದೊಡ್ಡ ಉತ್ತರ ಬಂದದ್ದು 1999ರ ಡಿಸೆಂಬರಿನಲ್ಲಿ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ. ಉತ್ತರ ಕೆರೊಲಿನಾದ ಆಡ್ರಿಯನ್ ಸ್ಯಾಂಡ್ಲರ್ ಮತ್ತು ಸಂಗಡಿಗರು 3ರಿಂದ 14 ವರ್ಷದ 60 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಂಶ್ಲೇಷಿತ ಸೆಕ್ರೆಟಿನ್‌ನ ಒಂದು ಚುಚ್ಚುಮದ್ದು, ಇನ್ನೊಂದಕ್ಕೆ ಅದೇ ರೀತಿ ಕಾಣುವ ಉಪ್ಪುನೀರು. ಯಾರಿಗೆ ಯಾವುದು ಎಂಬುದು ತಂದೆತಾಯಿಗಳಿಗಾಗಲಿ, ಶಿಕ್ಷಕರಿಗಾಗಲಿ, ಅಳೆಯುವವರಿಗಾಗಲಿ ಗೊತ್ತಿರಲಿಲ್ಲ. ನಾಲ್ಕು ವಾರ ಗಮನಿಸಿದರು. ಕೊನೆಗೆ 56 ಮಕ್ಕಳ ಫಲಿತಾಂಶ ಸಿಕ್ಕಿತು.

ಅಳತೆಗೆ ಬಳಸಿದ ಒಂದು ಪಟ್ಟಿಯಲ್ಲಿ ಅಂಕ ಸೊನ್ನೆಯಿಂದ 158ರವರೆಗೆ ಇರುತ್ತದೆ. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಸೆಕ್ರೆಟಿನ್ ಗುಂಪಿನ ಸರಾಸರಿ ಆರಂಭದಲ್ಲಿ 59.0 ಇತ್ತು, ನಾಲ್ಕು ವಾರಗಳಲ್ಲಿ ಅದು 8.9ರಷ್ಟು ಇಳಿಯಿತು. ಇದನ್ನಷ್ಟೇ ಓದಿದ್ದರೆ ನೀವು ಮದ್ದು ಕೆಲಸ ಮಾಡಿತು ಎನ್ನುತ್ತಿದ್ದಿರಿ. ಉಪ್ಪುನೀರು ಪಡೆದವರ ಸರಾಸರಿ 63.2 ಇದ್ದದ್ದು 17.8ರಷ್ಟು ಇಳಿಯಿತು. ಅಂದರೆ ಉಪ್ಪುನೀರಿನವರೇ ಹೆಚ್ಚು ಸುಧಾರಿಸಿದಂತೆ ಕಂಡಿತು. ಹಾಗೆಂದು ಉಪ್ಪುನೀರೇ ಉತ್ತಮ ಔಷಧಿ ಎಂದು ಹೊರಡಬೇಡಿ. ಇಷ್ಟು ಚಿಕ್ಕ ಗುಂಪುಗಳಲ್ಲಿ ಈ ಅಂತರ ಆಕಸ್ಮಿಕವಾಗಿಯೂ ಬರಬಲ್ಲದು ಎಂದು ಸಂಖ್ಯಾಶಾಸ್ತ್ರದ ಲೆಕ್ಕ ಹೇಳಿತು.

ಈ ಪ್ರಯೋಗವನ್ನೂ ವಿಮರ್ಶೆಗೆ ಒಡ್ಡಬೇಕಲ್ಲ! ಒಂದೇ ಚುಚ್ಚುಮದ್ದು, ನಾಲ್ಕೇ ವಾರ. ಸಣ್ಣ ಪರಿಣಾಮವಿದ್ದರೆ 56 ಮಕ್ಕಳಲ್ಲಿ ಅದು ಕಾಣಿಸದೇ ಹೋಗಬಹುದು. ಹಂದಿಯ ಸೆಕ್ರೆಟಿನ್ ಬೇರೆ, ಸಂಶ್ಲೇಷಿತ ಸೆಕ್ರೆಟಿನ್ ಬೇರೆ ಎಂದು ವಾದಿಸಿದವರಿದ್ದರು. ಹೊಟ್ಟೆಯ ತೊಂದರೆ ಇರುವ ಮಕ್ಕಳಿಗೆ ಮಾತ್ರ ಫಲ ಸಿಗಬಹುದು ಎಂದವರೂ ಇದ್ದರು. ಇವು ತಳ್ಳಿಹಾಕುವ ಆಕ್ಷೇಪಗಳಲ್ಲ. ಅದಕ್ಕಾಗಿಯೇ ಬೇರೆ ಬೇರೆ ರೂಪದ ಸೆಕ್ರೆಟಿನ್, ಒಂದಕ್ಕಿಂತ ಹೆಚ್ಚು ಚುಚ್ಚುಮದ್ದು ಎಂದು ಪ್ರಯೋಗಗಳು ಮುಂದುವರಿದವು. ಸೆಕ್ರೆಟಿನ್‌ನ ಹಕ್ಕು ಪಡೆದಿದ್ದ ಕಂಪನಿಯ ಅಂತಿಮ ಹಂತದ ಪ್ರಯೋಗಗಳು ಸೋತ ಸುದ್ದಿ 2004ರ ಜನವರಿಯಲ್ಲಿ ಬಂತು. 2012ರಲ್ಲಿ ಪರಿಷ್ಕರಿಸಿದ ಕಾಕ್ರೇನ್ ಸಮೀಕ್ಷೆ 16 ಪ್ರಯೋಗಗಳನ್ನು, 900ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ನೋಡಿತು. ಸೆಕ್ರೆಟಿನ್ ಪರವಾಗಿ ಪುರಾವೆ ಇಲ್ಲ, ಅದನ್ನು ಆಟಿಸಂಗೆ ಕೊಡಬಾರದು ಎಂಬುದು ಅದರ ತೀರ್ಮಾನ. ಮೂವರು ಮಕ್ಕಳ ಒಂದು ಮಾತನ್ನು ಸರಿಪಡಿಸಲು ವಿಜ್ಞಾನಕ್ಕೆ ಇಷ್ಟು ಮಕ್ಕಳು, ಇಷ್ಟು ವರ್ಷ ಬೇಕಾದವು. ಆ ವರ್ಷಗಳನ್ನೂ ಹಣವನ್ನೂ ಬೇರೆ ಯಾವ ಪ್ರಶ್ನೆಗೆ ಬಳಸಬಹುದಿತ್ತು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಏನೂ ಇಲ್ಲದ ಮದ್ದಿನಿಂದ ಹೇಗೆ ಸುಧಾರಿಸುತ್ತಾರೆ?

ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಫಲಿತಾಂಶ ಸೆಕ್ರೆಟಿನ್ ಗುಂಪಿನದಲ್ಲ, ಉಪ್ಪುನೀರಿನ ಗುಂಪಿನದು. ಮನಸ್ಸಿನ ನಂಬಿಕೆಯಿಂದ ಕಾಯಿಲೆ ಗುಣವಾಗುತ್ತದೆ ಎಂದು ಪ್ಲಾಸಿಬೊ, ಅಂದರೆ ಹುಸಿಮದ್ದಿನ ಬಗ್ಗೆ ಜನ ಹೇಳುತ್ತಾರೆ. ಮಾತೇ ಬಾರದ ಮೂರು ವರ್ಷದ ಮಗುವಿಗೆ ಸೆಕ್ರೆಟಿನ್ ಮೇಲೆ ಯಾವ ನಂಬಿಕೆ? ಆದ್ದರಿಂದ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಮೊದಲನೆಯದು ಬೆಳವಣಿಗೆ. ಆಟಿಸಂ ಇರುವ ಮಗುವೂ ಬೆಳೆಯುವ ಮಗುವೇ. ಈ ಸರಳ ಸಂಗತಿಯನ್ನು ಮರೆತವರೇ ಹೆಚ್ಚು. ಬೆಳವಣಿಗೆ ಗಡಿಯಾರದಂತೆ ಸಮನಾಗಿ ನಡೆಯುವುದಿಲ್ಲ. ತಿಂಗಳುಗಟ್ಟಲೆ ನಿಂತಂತೆ ಕಂಡು, ಆಮೇಲೆ ಎರಡು ವಾರಗಳಲ್ಲಿ ನಾಲ್ಕು ಹೊಸ ಪದ ಬಂದುಬಿಡುತ್ತವೆ. ಆ ಎರಡು ವಾರಗಳ ಮುನ್ನ ಮನೆಯಲ್ಲಿ ಏನು ನಡೆದಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಹೊಸ ಪಥ್ಯವಿರಬಹುದು, ಹರಕೆಯಿರಬಹುದು, ಚುಚ್ಚುಮದ್ದಿರಬಹುದು. ಕ್ಯಾನರ್ 1971ರಲ್ಲಿ ತಮ್ಮ ಹನ್ನೊಂದು ಮಕ್ಕಳ ಮುಂದಿನ ಬದುಕನ್ನು ಹುಡುಕಿ ಬರೆದಾಗ, ಮೊದಲನೆಯ ಬಾಲಕ ದೊಡ್ಡವನಾಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ. ಉಳಿದವರಲ್ಲಿ ಕೆಲವರು ಸಂಸ್ಥೆಗಳೊಳಗೇ ಉಳಿದಿದ್ದರು. ಒಂದೇ ಹೆಸರಿನ ಸ್ಥಿತಿಯಲ್ಲಿ ಇಷ್ಟೊಂದು ಭಿನ್ನ ದಾರಿಗಳಿರುವಾಗ ಒಬ್ಬನ ದಾರಿ ನೋಡಿ ಮದ್ದನ್ನು ಹೊಗಳುವುದು ಹೇಗೆ?

ಎರಡನೆಯದು ಸರಾಸರಿಯತ್ತ ಮರಳುವಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎತ್ತರದ ತಂದೆತಾಯಿಗಳ ಮಕ್ಕಳನ್ನು ಅಳೆದು ಕಂಡುಕೊಂಡದ್ದು ಇದು. ಬಹಳ ಎತ್ತರದವರ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸರಾಸರಿಯಲ್ಲಿ ತಂದೆತಾಯಿಗಳಷ್ಟು ಇರುವುದಿಲ್ಲ. ಏರಿಳಿಯುವ ಯಾವುದನ್ನೇ ಅದರ ತುದಿಯಲ್ಲಿ ಹಿಡಿದು ಅಳೆದರೆ, ಮುಂದಿನ ಅಳತೆ ನಡುವಿಗೆ ಹತ್ತಿರವಾಗಿರುವ ಸಂಭವವೇ ಹೆಚ್ಚು. ತಂದೆತಾಯಿ ಮಗುವನ್ನು ಹೊಸ ವೈದ್ಯರ ಬಳಿಗೆ ಯಾವಾಗ ಕರೆದೊಯ್ಯುತ್ತಾರೆ? ನಿದ್ದೆ ಕೆಟ್ಟು, ಕಿರುಚಾಟ ಹೆಚ್ಚಾಗಿ, ಮನೆಯವರೆಲ್ಲ ಸೋತ ವಾರದಲ್ಲಿ. ಅಂಥ ವಾರದ ನಂತರದ ವಾರ ಏನೂ ಮಾಡದಿದ್ದರೂ ಕೊಂಚ ಉತ್ತಮವಾಗಿರುತ್ತದೆ. ಇದರಲ್ಲಿ ಮನಶ್ಶಾಸ್ತ್ರವೇನೂ ಇಲ್ಲ, ಬರೀ ಗಣಿತ.

ಮೂರನೆಯದು ನೋಡುವ ಕಣ್ಣು. ಸುಧಾರಣೆಗಾಗಿ ಕಾಯುತ್ತಿರುವ ತಾಯಿ ಹಿಂದೆ ಗಮನಿಸದೆ ಬಿಟ್ಟ ನೋಟವನ್ನೂ ಈಗ ಎಣಿಸುತ್ತಾಳೆ. ಅದು ಅವಳ ದೋಷವಲ್ಲ. ಅವಳನ್ನೇ ಅಳತೆಗೋಲಾಗಿ ಮಾಡಿಕೊಂಡ ಸಂಶೋಧಕರ ದೋಷ.

ಅಳತೆಗೋಲಿನ ಬಗ್ಗೆ ಇನ್ನೂ ಒಂದು ಮಾತು. ಸ್ಯಾಂಡ್ಲರ್ ತಂಡ ಬಳಸಿದ ಆ ಪಟ್ಟಿಯಲ್ಲಿ 57 ವರ್ತನೆಗಳಿವೆ. ಇದೆ ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಆಟಿಸಂ ಇರಬಹುದಾದ ಮಕ್ಕಳನ್ನು ಹೆಕ್ಕಲು ಮಾಡಿದ ಪಟ್ಟಿ ಅದು. ನಾಲ್ಕು ವಾರಗಳಲ್ಲಿ ಆದ ಸೂಕ್ಷ್ಮ ಬದಲಾವಣೆಯನ್ನು ಅಳೆಯಲು ಅದನ್ನು ರೂಪಿಸಿರಲಿಲ್ಲ. ತೂಕದ ಲಾರಿ ನಿಲ್ಲಿಸುವ ವೇಬ್ರಿಡ್ಜಿನಲ್ಲಿ ಚಿನ್ನ ತೂಗಿದಂತೆ. ಈ ಕ್ಷೇತ್ರದ ಎಷ್ಟೋ ಪ್ರಯೋಗಗಳ ದೌರ್ಬಲ್ಯ ಇಲ್ಲಿದೆ.

ಇಂಥ ಪಟ್ಟಿಗಳನ್ನು ಕನ್ನಡಕ್ಕೆ ತರುವಾಗ ತೊಡಕು ಇಮ್ಮಡಿಯಾಗುತ್ತದೆ. ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುವುದನ್ನು ಕ್ಯಾನರ್ ಕಾಲದಿಂದಲೂ ಆಟಿಸಂನ ಒಂದು ಲಕ್ಷಣವಾಗಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಸರ್ವನಾಮವಿಲ್ಲದೆ ವಾಕ್ಯ ಸಾಗುವುದು ಕಷ್ಟ. ಹಾಗಾಗಿ ಅದು ಎದ್ದು ಕಾಣುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳೊಡನೆ ಆಡುವ ಮಾತಿನಲ್ಲಿ ‘ನಾನು’, ‘ನೀನು’ ಬಹುಪಾಲು ಬರುವುದೇ ಇಲ್ಲ, ಕ್ರಿಯಾಪದದ ಕೊನೆಯೇ ಆ ಕೆಲಸ ಮಾಡಿಬಿಡುತ್ತದೆ. ಹಸಿದ ಮಗು ‘ಊಟ ಮಾಡ್ತೀನಿ’ ಎನ್ನುವ ಬದಲು, ತಾಯಿ ಕೇಳಿದ ‘ಊಟ ಮಾಡ್ತೀಯಾ?’ ಎಂಬುದನ್ನೇ ಅದೇ ರಾಗದಲ್ಲಿ ಹೇಳಿದರೆ ಅಲ್ಲಿರುವುದೂ ಅದೇ ಅದಲುಬದಲು. ‘ನಿಮ್ಮ ಮಗು ನಾನು ಎನ್ನುವಲ್ಲಿ ನೀನು ಎನ್ನುತ್ತದೆಯೇ?’ ಎಂದು ಪದಶಃ ಕೇಳಿದರೆ ತಾಯಿ ಪ್ರಾಮಾಣಿಕವಾಗಿ ‘ಇಲ್ಲ’ ಎಂದೇ ಹೇಳುತ್ತಾಳೆ. ಭಾರತದಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ, 40 ಅಂಶಗಳ ಮಾಪಕ 2009ರಿಂದ ಬಳಕೆಯಲ್ಲಿದೆ. ಪ್ರಮಾಣಪತ್ರ ಕೊಡಲು ಅದು ಉಪಯುಕ್ತ. ಚಿಕಿತ್ಸೆಯ ಫಲವನ್ನು ತೂಗಲು ಅದನ್ನೇ ಬಳಸುವಾಗ ಮಾತ್ರ ಮೇಲಿನ ಎಚ್ಚರ ಬೇಕು.

ಪರೀಕ್ಷೆ ‘ಹೌದು’ ಎಂದೂ ಹೇಳುತ್ತದೆ

ಹುಸಿಮದ್ದಿನೊಡನೆ ಹೋಲಿಸುವ ಪರೀಕ್ಷೆ ಎಲ್ಲ ಮದ್ದುಗಳನ್ನೂ ಸೋಲಿಸುವ ಯಂತ್ರ ಎಂಬ ದೂರು ಕೇಳಿಬರುತ್ತದೆ. ಅದು ನಿಜವಲ್ಲ. 2002ರಲ್ಲಿ ಪ್ರಕಟವಾದ ರಿಸ್ಪೆರಿಡೋನ್ ಪ್ರಯೋಗವನ್ನು ನೋಡಿ. ಆಟಿಸಂ ಜೊತೆಗೆ ತೀವ್ರ ಸಿಡುಕು, ತನ್ನನ್ನೇ ಗಾಯಗೊಳಿಸಿಕೊಳ್ಳುವ ವರ್ತನೆ ಇದ್ದ 101 ಮಕ್ಕಳಲ್ಲಿ ಎಂಟು ವಾರ ನಡೆದ ಪ್ರಯೋಗವದು. ಮದ್ದು ಪಡೆದವರಲ್ಲಿ ಶೇಕಡ 69 ಮಂದಿ ಸುಧಾರಿಸಿದರು, ಹುಸಿಮದ್ದು ಪಡೆದವರಲ್ಲಿ ಶೇಕಡ 12. ಇಷ್ಟು ಅಂತರವನ್ನು ನೋಡಲು ಭೂತಗನ್ನಡಿ ಬೇಡ. ಬೆಲೆಯೂ ದಾಖಲಾಗಿದೆ: ಆ ಎಂಟು ವಾರಗಳಲ್ಲಿ ಮದ್ದಿನ ಗುಂಪಿನ ಮಕ್ಕಳ ತೂಕ ಸರಾಸರಿ 2.7 ಕಿಲೋ ಹೆಚ್ಚಿತು, ಇನ್ನೊಂದು ಗುಂಪಿನಲ್ಲಿ 0.8 ಕಿಲೋ. ಸುಧಾರಿಸಿದ್ದು ಸಿಡುಕು ಎಂಬುದನ್ನು ಮರೆಯಬಾರದು. ಆಟಿಸಂಗೇ ಮದ್ದು ಸಿಕ್ಕಿತು ಎಂದು ಸಂಶೋಧಕರು ಹೇಳಲಿಲ್ಲ.

ಇದರ ಪಕ್ಕದಲ್ಲಿ 2009ರ ಸಿಟಲೋಪ್ರಾಮ್ ಪ್ರಯೋಗವನ್ನಿಡಿ. ಒಂದೇ ವರ್ತನೆಯನ್ನು ಮತ್ತೆ ಮತ್ತೆ ಮಾಡುವುದನ್ನು ತಗ್ಗಿಸಲು ವೈದ್ಯರು ಬರೆದುಕೊಡುತ್ತಿದ್ದ ಮದ್ದು ಅದು. 149 ಮಕ್ಕಳು, ಹನ್ನೆರಡು ವಾರ. ಮದ್ದು ಪಡೆದವರಲ್ಲಿ ಮೂರನೆಯ ಒಂದು ಭಾಗ ಸುಧಾರಿಸಿತು. ಹುಸಿಮದ್ದು ಪಡೆದವರಲ್ಲೂ ಮೂರನೆಯ ಒಂದು ಭಾಗ. ಮದ್ದಿನ ಗುಂಪಿನಲ್ಲಿ ನಿದ್ರಾಹೀನತೆ, ಅತಿಚಟುವಟಿಕೆಯಂಥ ಅಡ್ಡಪರಿಣಾಮಗಳು ಹೆಚ್ಚಿದ್ದವು. ಹೋಲಿಕೆಯ ಗುಂಪಿಲ್ಲದಿದ್ದರೆ ‘ಮೂವರಲ್ಲಿ ಒಬ್ಬರಿಗೆ ಫಲಕಾರಿ’ ಎಂದು ಜಾಹೀರಾತು ಬರುತ್ತಿತ್ತು, ಮತ್ತು ಆ ವಾಕ್ಯದಲ್ಲಿ ಒಂದೂ ಸುಳ್ಳು ಇರುತ್ತಿರಲಿಲ್ಲ. ಆಕ್ಸಿಟೋಸಿನ್ ಕಥೆಯೂ ಇದೇ. ಸಣ್ಣ ಅಧ್ಯಯನಗಳು ಹುಟ್ಟಿಸಿದ ಭರವಸೆಯನ್ನು 2021ರಲ್ಲಿ 290 ಮಕ್ಕಳ, 24 ವಾರಗಳ ಪ್ರಯೋಗ ತಣ್ಣಗಾಗಿಸಿತು.

ಈಗ ನಮ್ಮ ದೇಶಕ್ಕೆ ಬರೋಣ. ಸೆಕ್ರೆಟಿನ್ ಹೋದ ಜಾಗಕ್ಕೆ ಬಂದದ್ದು ಆಕರಕೋಶ, ಅಂದರೆ ಸ್ಟೆಮ್‌ಸೆಲ್ ಚಿಕಿತ್ಸೆ. 2013ರಲ್ಲಿ ಮುಂಬಯಿಯಿಂದ 32 ಮಂದಿಯ ಒಂದು ಅಧ್ಯಯನ ಪ್ರಕಟವಾಯಿತು. ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುವ ವಿಧಾನ. ಹಲವು ಅಂಕಗಳು ಸುಧಾರಿಸಿದವು ಎಂದು ವರದಿ ಹೇಳಿತು. ಹೋಲಿಕೆಯ ಗುಂಪು ಇರಲಿಲ್ಲ; ಚಿಕಿತ್ಸೆ ನಡೆದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಳವಣಿಗೆ, ಸರಾಸರಿಯತ್ತ ಮರಳುವಿಕೆ, ಕಾಯುವ ಕಣ್ಣು, ಮೂರಕ್ಕೂ ಬಾಗಿಲು ತೆರೆದೇ ಇತ್ತು. ಮುಕ್ತ ಪ್ರಯೋಗ ಎಂದು ಅದು ತನ್ನನ್ನು ಕರೆದುಕೊಂಡಿದೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆದರೆ ಮುಕ್ತ ಪ್ರಯೋಗ ಮುಂದಿನ ಪ್ರಯೋಗಕ್ಕೆ ಮುನ್ನುಡಿ ಆಗಬಹುದೇ ಹೊರತು ಚಿಕಿತ್ಸೆಯ ದರಪಟ್ಟಿಗೆ ಅಲ್ಲ.

ಮುನ್ನುಡಿಯ ನಂತರ ಏನು ಮಾಡಬೇಕೆಂಬುದಕ್ಕೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಉದಾಹರಣೆ. 2017ರಲ್ಲಿ ಅವರು ಹೊಕ್ಕುಳಬಳ್ಳಿಯ ರಕ್ತವನ್ನು 25 ಮಕ್ಕಳಿಗೆ ಕೊಟ್ಟು, ಸುಧಾರಣೆ ಕಂಡಿತು ಎಂದು ವರದಿ ಮಾಡಿದರು. ಅಲ್ಲಿಗೆ ನಿಲ್ಲಿಸದೆ 180 ಮಕ್ಕಳಲ್ಲಿ ಹುಸಿಮದ್ದಿನೊಡನೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲೇ ಗೊತ್ತುಪಡಿಸಿದ ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಬುದ್ಧಿಮಾಂದ್ಯವಿಲ್ಲದ ಮಕ್ಕಳ ಉಪಗುಂಪಿನಲ್ಲಿ ಕೆಲವು ಅಂಕಗಳು ಆಶಾದಾಯಕವಾಗಿವೆ ಎಂದು ಬರೆದರು. ಇಂಥ ಉಪಗುಂಪಿನ ಆಶೆಯನ್ನು ನಾವು ಅನುಮಾನದಿಂದಲೇ ನೋಡಬೇಕು. ಬಾಣ ಬಿಟ್ಟ ನಂತರ ಗುರಿಯ ಸುತ್ತ ಗೆರೆ ಎಳೆಯುವ ಅಪಾಯ ಅದರಲ್ಲಿದೆ. ಹಾಗಿದ್ದರೂ ಸೋತ ಮುಖ್ಯ ಫಲಿತಾಂಶವನ್ನು ಅವರು ಅಡಗಿಸಲಿಲ್ಲ.

ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲಿ, ಆಟಿಸಂಗೆ ಆಕರಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದರ ಪ್ರಚಾರ ವೃತ್ತಿ ದುರ್ನಡತೆ ಎಂದು ಹೇಳಿತು. 2013ರಿಂದ 2022ರವರೆಗೆ ಒಂಬತ್ತು ವರ್ಷ. ಒಂದು ಮಗುವಿನ ಲೆಕ್ಕದಲ್ಲಿ ಅದು ಅಂಗನವಾಡಿಯಿಂದ ಪ್ರೌಢಶಾಲೆಯವರೆಗಿನ ಕಾಲ.

ಮುಂದಿನ ಸೆಕ್ರೆಟಿನ್ ಯಾವುದು ಎಂದು ಯಾರೂ ಮೊದಲೇ ಹೇಳಲಾರರು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ಲ್ಯೂಕೊವೊರಿನ್ ಎಂಬ ಫೋಲಿನಿಕ್ ಆಮ್ಲದ ಮದ್ದನ್ನು ಆಟಿಸಂ ಜೊತೆಗೆ ಸೇರಿಸಿ ಘೋಷಣೆ ಮಾಡಿದಾಗ, ಅದಕ್ಕೆ ಆಧಾರವಾಗಿ ಹೇಳಲಾದ ಅಧ್ಯಯನಗಳಲ್ಲಿ ಪ್ರಮುಖವಾದ 2018ರ ಪ್ರಯೋಗದಲ್ಲಿ ಇದ್ದದ್ದು 48 ಮಕ್ಕಳು. ಅಲ್ಲಿ ಹುಸಿಮದ್ದಿನ ಗುಂಪು ಇತ್ತು, ಇದು ಮೂವರು ಮಕ್ಕಳ ವರದಿಗಿಂತ ಬಹಳ ಮೇಲು. ಸೆಕ್ರೆಟಿನ್ ಓದಿದವರಿಗೆ 48 ಎಂಬ ಸಂಖ್ಯೆ ಎಷ್ಟು ದೂರ ಒಯ್ಯಬಲ್ಲದು ಎಂಬುದೂ ತಿಳಿದಿರುತ್ತದೆ. ಸುದ್ದಿ ಕನ್ನಡ ಪತ್ರಿಕೆಗೆ ಬರುವಷ್ಟರಲ್ಲಿ ಸಂಖ್ಯೆ ಉದುರಿಹೋಗಿ ‘ಆಟಿಸಂಗೆ ಮದ್ದು’ ಎಂಬ ಎರಡು ಪದ ಉಳಿಯುತ್ತವೆ. ಅಂಥ ಸುದ್ದಿ ಕಂಡಾಗ ನೀವು ಹುಡುಕಬೇಕಾದದ್ದು ಮದ್ದು ಪಡೆದವರಲ್ಲಿ ಎಷ್ಟು ಮಂದಿ ಸುಧಾರಿಸಿದರು ಎಂಬುದನ್ನಲ್ಲ, ಪಡೆಯದವರಲ್ಲಿ ಎಷ್ಟು ಮಂದಿ ಎಂಬುದನ್ನು. ಅದು ವರದಿಯಲ್ಲಿಲ್ಲದಿದ್ದರೆ ಪತ್ರಿಕೆಗೆ ಬರೆದು ಕೇಳಿ. ಯಾರು ಅಳೆದರು, ಅವರಿಗೆ ಮೊದಲೇ ಗೊತ್ತಿತ್ತೇ, ಅಳೆದದ್ದು ಏನನ್ನು ಎಂಬ ಪ್ರಶ್ನೆಗಳೂ ಆಮೇಲೆ ತಾವಾಗಿಯೇ ಬರುತ್ತವೆ.

ಸ್ಯಾಂಡ್ಲರ್ ವರದಿಯ ಒಂದು ಅಂಕಿಯನ್ನು ಇದುವರೆಗೆ ಹೇಳದೆ ಉಳಿಸಿಕೊಂಡಿದ್ದೇನೆ. ಸೆಕ್ರೆಟಿನ್‌ನಿಂದ ಪ್ರಯೋಜನವಿಲ್ಲ ಎಂಬ ಫಲಿತಾಂಶವನ್ನು ತಿಳಿಸಿದ ಮೇಲೂ ಅಧ್ಯಯನದಲ್ಲಿದ್ದ ತಂದೆತಾಯಿಗಳಲ್ಲಿ ಶೇಕಡ 69 ಮಂದಿ ತಮ್ಮ ಮಗುವಿಗೆ ಅದು ಬೇಕೆನ್ನುವ ಆಸಕ್ತಿ ಉಳಿಸಿಕೊಂಡಿದ್ದರು. ಇದನ್ನು ಅಜ್ಞಾನ ಎಂದು ತಳ್ಳಿಹಾಕುವ ವಿಜ್ಞಾನ ಲೇಖಕರನ್ನು ಕಂಡರೆ ನನಗೆ ಬೇಸರ. ‘ಇದು ಬೇಡ’ ಎಂದ ಸಂಶೋಧಕರು ‘ಇದು ಬೇಕು’ ಎಂದು ಇನ್ನೊಂದನ್ನು ಆ ತಂದೆತಾಯಿಗಳ ಕೈಗೆ ಕೊಟ್ಟಿರಲಿಲ್ಲ. ಕೈ ಖಾಲಿ ಇದ್ದವರು ಚುಚ್ಚುಮದ್ದನ್ನಾದರೂ ಹಿಡಿದುಕೊಳ್ಳುತ್ತಾರೆ.

ಕೊಡಬಹುದಾದದ್ದು ಏನೂ ಇಲ್ಲವೆಂದಲ್ಲ. ನಮ್ಮ ನೆರೆಯ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಏಕಕಾಲಕ್ಕೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 2ರಿಂದ 9 ವರ್ಷದ 65 ಮಕ್ಕಳು. ಚುಚ್ಚುಮದ್ದಿಲ್ಲ, ಮಾತ್ರೆಯಿಲ್ಲ. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ, ತಾಯಿ ಮಗುವಿನೊಡನೆ ಆಡುವುದನ್ನು ವೀಡಿಯೊ ಮಾಡಿ, ಅದನ್ನು ತಾಯಿಯ ಜೊತೆ ಕೂತು ನೋಡುತ್ತಿದ್ದರು. ಮಗುವಿನ ಚಿಕ್ಕ ಸಂಜ್ಞೆಯನ್ನು ಗುರುತಿಸುವುದು, ಕಾಯುವುದು, ಮಗುವಿನ ಗಮನ ಇರುವಲ್ಲಿಯೇ ಉತ್ತರಿಸುವುದು ಅದರ ಪಾಠ. ಸುಧಾರಣೆಗಾಗಿ ಕಾಯುವ ತಾಯಿಯ ಕಣ್ಣನ್ನು ಮೇಲೆ ಅಳತೆಯ ದೋಷವೆಂದು ಬರೆದೆ. ಇಲ್ಲಿ ಅದೇ ಕಣ್ಣನ್ನು ಚಿಕಿತ್ಸೆಯ ಸಾಧನವಾಗಿಸಿದ್ದಾರೆ. ಅಳೆಯುವ ಕೆಲಸವನ್ನು ಮಾತ್ರ ತಾಯಿಗೆ ಬಿಡದೆ, ಯಾವ ಮಗು ಯಾವ ಗುಂಪಿನದು ಎಂದು ತಿಳಿಯದವರು ವೀಡಿಯೊ ನೋಡಿ ಅಂಕ ಹಾಕಿದರು. ತಾಯಂದಿರ ಸ್ಪಂದನ ಸ್ಪಷ್ಟವಾಗಿ ಹೆಚ್ಚಿತು. ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದೂ ಹೆಚ್ಚಿತು. ತಾಯಿ, ಮಗು ಇಬ್ಬರೂ ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಗಮನವಿಡುವ ಸಮಯ ಮಾತ್ರ, ಸಂಶೋಧಕರ ನಿರೀಕ್ಷೆಗೆ ವಿರುದ್ಧವಾಗಿ, ಕಡಿಮೆಯಾಯಿತು. ಅನುಕೂಲವಲ್ಲದ ಆ ಮೂರನೆಯ ಫಲಿತಾಂಶವನ್ನು ಮೊದಲೆರಡರ ಪಕ್ಕದಲ್ಲಿಯೇ, ಲೇಖನದ ಸಾರಾಂಶದಲ್ಲಿ ಅಚ್ಚು ಮಾಡಿದ್ದಾರೆ.